ಕಣಜದ ಗೂಡಿನ ಪರದೇಶಿ: ಒಂದು ಬೆಣೆಜೀರುಂಡೆಯ ಬಾಳು ಬೆಳಕಿಗೆ ಬಂದ ಇತಿಹಾಸ

ಜೀರುಂಡೆಗಳ ಗಣದಲ್ಲಿ ರಿಪಿಫೋರಿಡೆ ಎಂಬುದು ಅಷ್ಟೇನೂ ದೊಡ್ಡದಲ್ಲದ ಒಂದು ಕುಟುಂಬ. ಪ್ರಪಂಚದ ಎಲ್ಲ ಭಾಗಗಳನ್ನೂ ಸೇರಿಸಿ ಎಣಿಸಿದರೂ ಇದರಲ್ಲಿ ಈವರೆಗೆ ಗುರುತಿಸಲ್ಪಟ್ಟಿರುವ ಜಾತಿಗಳು ಕೆಲವು ನೂರು ಮಾತ್ರ. ಈ ಕೀಟಗಳ ತಲೆ ಕೆಳಕ್ಕೆ ಬಾಗಿದೆ, ಬೆನ್ನು ಉಬ್ಬಿದೆ, ಮೈ ಹಿಂದೆ ಹಿಂದೆ ಹೋದಂತೆ ಸಣ್ಣದಾಗುತ್ತದೆ. ಮರ ಸೀಳುವವನು ಬಿರುಕಿಗೆ ಹೊಡೆಯುವ ಬೆಣೆಯನ್ನು ನೆನಪಿಗೆ ತರುವ ಈ ಆಕಾರದಿಂದಾಗಿ ಇವನ್ನು ಬೆಣೆಜೀರುಂಡೆಗಳೆಂದು ಕರೆಯುವುದು ಯುಕ್ತವಾಗಿದೆ. ಇವುಗಳಲ್ಲಿ ಬಹುಪಾಲು ಜಾತಿಗಳ ಮರಿಹುಳುಗಳು ಬೇರೆ ಕೀಟಗಳ ಮರಿಗಳನ್ನು ಆಶ್ರಯಿಸಿ, ಅವುಗಳ ಮೈಯನ್ನೇ ಆಹಾರವಾಗಿ ಮಾಡಿಕೊಂಡು ಬೆಳೆಯತಕ್ಕವು. ಬಲಿತ ಜೀರುಂಡೆಯ ಆಯುಸ್ಸು ಬಹಳ ಕಡಮೆ. ಆದುದರಿಂದ ಕೀಟಗಳನ್ನು ಸಂಗ್ರಹಿಸುವವರ ಕೈಗೆ ಇವು ಅಪರೂಪವಾಗಿ ಸಿಕ್ಕುತ್ತವೆ. ಸಿಕ್ಕಿದಾಗಲೂ ಅವು ಹೇಗೆ ಬದುಕುತ್ತಿದ್ದುವೆಂಬುದನ್ನು ಸೂಜಿಗೆ ಚುಚ್ಚಿದ ಮೈ ಹೇಳಲಾರದು.

ಈ ಕುಟುಂಬದಲ್ಲಿ ಮೆಟೀಕಸ್ ಪ್ಯಾರಡಾಕ್ಸಸ್ ಎಂಬ ಯೂರೋಪಿನ ಜಾತಿಯೊಂದುಂಟು. ಇದರ ಉದ್ದ ಸುಮಾರು 8ರಿಂದ 12 ಮಿಲಿಮೀಟರ್. ಗಂಡಿನ ಕುಡಿಮೀಸೆಗಳು ಬೀಸಣಿಗೆಯ ಕಡ್ಡಿಗಳಂತೆ ಕವಲೊಡೆದಿವೆ. ನೆಲದೊಳಗೆ ಗೂಡು ಕಟ್ಟುವ ಸಾಮಾನ್ಯ ಕಣಜದ ಕೋಣೆಗಳಲ್ಲಿ ಇದು ಬೆಳೆಯುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಕೀಟದ ಅಂಗಾಂಗಗಳ ವಿವರಕ್ಕೆ ನಾವು ಹೆಚ್ಚಾಗಿ ಹೋಗುವುದಿಲ್ಲ. ಮುಚ್ಚಿದ ಕೋಣೆಯೊಳಗೆ, ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಯುವ ಅದರ ಬಾಳನ್ನು ವಿದ್ವಾಂಸರು ಯಾವ ಮಾರ್ಗದಿಂದ ಅರಿತರು, ಅರಿಯುವ ಮುನ್ನ ಯಾವ ಯಾವ ಊಹೆಗಳಿಗೆ ಎಡೆಗೊಟ್ಟರು ಎಂಬುದನ್ನು ಪರಿಶೀಲಿಸುವುದೇ ಇಲ್ಲಿಯ ಉದ್ದೇಶ. ವಿಜ್ಞಾನದ ಇತಿಹಾಸದಲ್ಲಿ ಇದೊಂದು ಸಣ್ಣ ಪ್ರಕರಣ. ಆದರೆ ಕಣ್ಣಾರೆ ಕಂಡುದಕ್ಕೂ ಕಂಡುದರಿಂದ ಊಹಿಸಿದುದಕ್ಕೂ ನಡುವೆ ಎಷ್ಟು ಅಂತರವಿರುತ್ತದೆಂಬುದನ್ನು ತೋರಿಸುವ ಪ್ರಕರಣಗಳಲ್ಲಿ ಇದಕ್ಕಿಂತ ಸ್ಪಷ್ಟವಾದುದು ಹೆಚ್ಚಾಗಿ ದೊರೆಯಲಾರದು.

ಮೊದಲು ಹೆಸರಿನ ವಿಚಾರ. ಈ ಕೀಟಕ್ಕೆ ಶಾಸ್ತ್ರೀಯವಾದ ಹೆಸರನ್ನಿತ್ತವನು ಸ್ವೀಡನ್ನಿನ ಲಿನೇಯಸ್. ತನ್ನ ದೇಶದ ಪ್ರಾಣಿಗಳನ್ನು ಕುರಿತ ಗ್ರಂಥದ ಎರಡನೆಯ ಆವೃತ್ತಿಯಲ್ಲಿ, 1761ರಲ್ಲಿ, ಇದನ್ನು ಮೊರ್ಡೆಲ್ಲ ಎಂಬ ಕುಲದಲ್ಲಿ ಸೇರಿಸಿ, ಪ್ಯಾರಡಾಕ್ಸ ಎಂಬ ವಿಶೇಷಣವನ್ನು ಜೋಡಿಸಿದನು. ವಿಲಕ್ಷಣವಾದುದು, ನಿರೀಕ್ಷೆಗೆ ವಿರುದ್ಧವಾದುದು ಎಂದು ಆ ಪದದ ಅರ್ಥ. ಅವನ ಕಣ್ಣಿಗೆ ವಿಲಕ್ಷಣವಾಗಿ ಕಂಡಿರಬಹುದಾದುದು ಕೀಟದ ರೂಪವೇ ಹೊರತು ಅದರ ನಡವಳಿಕೆಯಲ್ಲ. ನಡವಳಿಕೆ ಯಾರಿಗೂ ತಿಳಿದಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದರ ಬಂಧುಗಳಿಗೆ ರಿಪಿಫೋರಸ್, ಎಂದರೆ ಬೀಸಣಿಗೆಯನ್ನು ಹೊತ್ತದ್ದು, ಎಂಬ ಕುಲನಾಮ ಬಂದಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಜಾತಿಯನ್ನು ಅದರಿಂದ ಬೇರ್ಪಡಿಸಿ ಮೆಟೀಕಸ್ ಎಂಬ ಬೇರೊಂದು ಕುಲದಲ್ಲಿಟ್ಟರು. ಈ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಥೆನ್ಸಿನಂತಹ ನಗರಗಳಲ್ಲಿ ಹೊರಗಿನಿಂದ ಬಂದು ನೆಲೆಸಿ, ಪೌರತ್ವವಿಲ್ಲದೆ ಬಾಳುತ್ತಿದ್ದವರಿಗೆ ಆ ಹೆಸರು ಸಲ್ಲುತ್ತಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪರದೇಶಿ. ಗೂಡಿನಲ್ಲಿ ಈ ಜೀರುಂಡೆ ಇರುತ್ತದೆಂಬುದು ತಿಳಿದಿತ್ತು. ಏಕೆ ಇರುತ್ತದೆಂಬುದು ತಿಳಿದಿರಲಿಲ್ಲ. ಆ ಅಜ್ಞಾನದ ಕಾಲಕ್ಕೆ ಇದಕ್ಕಿಂತ ನಿರುಪದ್ರವಿಯಾದ ಹೆಸರು ದೊರೆಯುತ್ತಿರಲಿಲ್ಲವೆನ್ನಬಹುದು.

ಮುಂದಿನ ವಾದವಿವಾದಗಳು ಅರ್ಥವಾಗಬೇಕಾದರೆ ಕಣಜದ ಗೂಡಿನ ರಚನೆಯನ್ನು ಸ್ವಲ್ಪ ತಿಳಿದಿರುವುದು ಅವಶ್ಯಕ. ಕಡಜವೆಂದೂ ಕರೆಯಲ್ಪಡುವ ಕಣಜವನ್ನು ವಾಚಕರೆಲ್ಲರೂ ಬಲ್ಲರು. ಯೂರೋಪಿನ ಸಾಮಾನ್ಯ ಕಣಜದ ಗೂಡು ಒಂದು ವರ್ಷದ್ದು. ಚಳಿಗಾಲವನ್ನು ಎಲ್ಲಿಯೋ ಅಡಗಿ ಕಳೆದ ರಾಣಿಯು ವಸಂತದಲ್ಲಿ ಒಂಟಿಯಾಗಿ ಗೂಡನ್ನಾರಂಭಿಸುತ್ತದೆ. ಬೇಸಗೆಯಲ್ಲಿ ಕೆಲಸಗಾರ ಕಣಜಗಳು ಹುಟ್ಟಿ ಅದನ್ನು ಹಿಗ್ಗಿಸುತ್ತವೆ. ಶರತ್ಕಾಲದ ಕೊನೆಗೆ ಹೊಸ ರಾಣಿಗಳು ಹೊರಬಿದ್ದ ಮೇಲೆ ಸಂಸಾರವೆಲ್ಲ ಸತ್ತು ಗೂಡು ಹಾಳು ಬೀಳುತ್ತದೆ. ಹಳೆಯ ಗೂಡಿಗೆ ಮರುವರ್ಷ ಯಾವ ಕಣಜವೂ ಬರುವುದಿಲ್ಲ. ಗೂಡಿನ ಎರಿಗಳು ಒಂದರ ಕೆಳಗೊಂದರಂತೆ ತೂಗುತ್ತಿದ್ದು, ಕೋಣೆಗಳ ಬಾಯಿಗಳೆಲ್ಲ ಕೆಳಮೊಗವಾಗಿರುತ್ತವೆ. ಪ್ರತಿಯೊಂದು ಕೋಣೆಯಲ್ಲಿಯೂ ಒಂದು ಮರಿಹುಳು ತಲೆ ಕೆಳಗಾಗಿ ನೇತಾಡುತ್ತಿರುತ್ತದೆ. ಕೆಲಸಗಾರ ಕಣಜಗಳು ಹುಳುಹುಪ್ಪಟೆಗಳನ್ನು ಅಗಿದು ಮುದ್ದೆಮಾಡಿ ಅದಕ್ಕೆ ಉಣಿಸುತ್ತವೆ. ಇಲ್ಲಿ ಒಂದಂಶವನ್ನು ವಿಶೇಷವಾಗಿ ಗಮನಿಸಬೇಕು. ಜೇನುಗೂಡಿನಲ್ಲಿ ಬೆಳೆದ ಮರಿಯ ಕೋಣೆಯನ್ನು ದುಡಿಯುವ ಹುಳುಗಳು ಹೊರಗಿನಿಂದ ಮೇಣದಲ್ಲಿ ಮುಚ್ಚುತ್ತವೆ. ಕಣಜದಲ್ಲಿ ಹಾಗಲ್ಲ. ಹೊಟ್ಟೆತುಂಬ ತಿಂದು ಬಲಿತ ಮರಿಹುಳುವೇ ತನ್ನ ಬಾಯಿಯಿಂದ ನೂಲನ್ನು ತೆಗೆದು, ಒಳಗಿನಿಂದ ರೇಷ್ಮೆಯ ಮುಚ್ಚಳವನ್ನು ನೇಯ್ದುಕೊಳ್ಳುತ್ತದೆ.

ಗೂಡನ್ನು ಕಟ್ಟುವ ಸಾಮಗ್ರಿಯೂ ನಮ್ಮ ಕಥೆಗೆ ಸಂಬಂಧಪಟ್ಟುದು. ಕಣಜಗಳು ಹಳೆಯ ಬೇಲಿಗೂಟ, ಒಣಗಿದ ಕೊಂಬೆ, ಬಿಸಿಲುಮಳೆಗೆ ಸಿಕ್ಕಿದ ಹಲಗೆ ಮೊದಲಾದುವನ್ನು ಹಲ್ಲಿನಿಂದ ಕೆರೆದು, ಆ ನಾರನ್ನು ಎಂಜಲಿನಲ್ಲಿ ನಾದಿ, ಒಂದು ಬಗೆಯ ಕಾಗದವನ್ನು ಮಾಡುತ್ತವೆ. ಫ್ರಾನ್ಸಿನ ರೇಯೋಮೂರ್ ಎಂಬ ವಿಜ್ಞಾನಿ 1719ರಲ್ಲಿಯೇ ಅಲ್ಲಿಯ ರಾಜಮಾನ್ಯ ಅಕಾಡೆಮಿಗೆ ಇದನ್ನು ನಿವೇದಿಸಿ, ಚಿಂದಿಬಟ್ಟೆಗೆ ಬದಲು ಮರದಿಂದಲೇ ಕಾಗದವನ್ನು ಮಾಡಬಹುದೆಂಬುದನ್ನು ಕಣಜಗಳು ನಮಗೆ ಕಲಿಸುತ್ತಿರುವಂತಿದೆಯೆಂದು ಸೂಚಿಸಿದನು. ಕಾಗದದ ಕೈಗಾರಿಕೆಯ ಇತಿಹಾಸದಲ್ಲಿ ಈ ಸೂಚನೆಯನ್ನು ಎಲ್ಲರೂ ಸ್ಮರಿಸುತ್ತಾರೆ. ಅದೇ ಸೂಚನೆಯಲ್ಲಿ ನಮ್ಮ ಜೀರುಂಡೆಯ ರಹಸ್ಯದ ಅರ್ಧಭಾಗ ಹುದುಗಿತ್ತೆಂಬುದು ಇನ್ನೂ ನೂರ ಎಪ್ಪತ್ತು ವರ್ಷಗಳವರೆಗೆ ಯಾರಿಗೂ ಹೊಳೆಯಲಿಲ್ಲ.

ಒಂದು ಜೀವಿ ಒಳಹೊಕ್ಕ ಕೋಣೆಯಿಂದ ಬೇರೊಂದು ಜೀವಿ ಹೊರಬರುವುದನ್ನು ಕಂಡು ಬೆರಗಾಗುವುದು ನಮ್ಮ ದೇಶಕ್ಕೆ ಹೊಸದಲ್ಲ. ಮಣ್ಣಿನ ಗೂಡನ್ನು ಕಟ್ಟುವ ಹುಳು ಹಸುರು ಕೀಡೆಯೊಂದನ್ನು ತಂದು ಒಳಗಿಟ್ಟು ಬಾಯಿ ಮೆತ್ತುತ್ತದೆ. ಕೆಲವು ದಿನಗಳಾದ ಮೇಲೆ ಆ ಗೂಡನ್ನೊಡೆದುಕೊಂಡು ಹೊರಬರುವುದು ಮತ್ತೊಂದು ರೆಕ್ಕೆಯ ಹುಳು. ಕೀಡೆಯು ಸದಾ ಧ್ಯಾನಿಸುತ್ತ ತಾನೇ ಭ್ರಮರವಾಯಿತೆಂದು ನಮ್ಮ ಹಿರಿಯರು ಭ್ರಮರಕೀಟನ್ಯಾಯವನ್ನು ಹೇಳಿದರು. ವೇದಾಂತಕ್ಕೆ ಆ ನ್ಯಾಯ ಒದಗಿದ ಸೊಗಸನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಅಲ್ಲಿ ಕಾಣದೆ ಉಳಿದುದು ಕೀಡೆಯ ಜೊತೆಯಲ್ಲಿ ಹುಳುವಿಟ್ಟ ಮೊಟ್ಟೆ. ಮೊದಲನ್ನೂ ಕೊನೆಯನ್ನೂ ಕಂಡು ನಡುವಿನದನ್ನು ಕಾಣದಾದಾಗ ಮನಸ್ಸು ಆ ತೆರವನ್ನು ತನಗೆ ತೋರಿದಂತೆ ತುಂಬಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆದುದೂ ಬಹುಮಟ್ಟಿಗೆ ಇದೇ.

ಆ ವೇಳೆಗೆ ಹೋಲಿಕೆಗೆ ದೊರೆಯಬಹುದಾಗಿದ್ದ ಉದಾಹರಣೆಗಳು ಇಲ್ಲದಿರಲಿಲ್ಲ. ಬೆಣೆಜೀರುಂಡೆಗಳಿಗೆ ದೂರದ ನಂಟುಳ್ಳ ಮೆಲೋಯಿಡೆ ಕುಟುಂಬದ ಕೀಟಗಳಲ್ಲಿ, ಮೊಟ್ಟೆಯಿಂದ ಹೊರಬಂದ ಮರಿ ಚುರುಕಾದ ಆರು ಕಾಲಿನ ಪ್ರಾಣಿಯಾಗಿದ್ದು, ಹೂವಿಗೆ ಬಂದ ಜೇನುಹುಳುವಿನ ಮೈಗೆ ಅಂಟಿಕೊಂಡು ಅದರ ಗೂಡಿಗೆ ಸವಾರಿ ಹೋಗುತ್ತದೆ. ಅಲ್ಲಿ ತನ್ನ ರೂಪವನ್ನೇ ಬದಲಾಯಿಸಿ ಮಂದವಾದ ಹುಳುವಾಗಿಬಿಡುತ್ತದೆ. ಈ ಪುಟ್ಟ ಪ್ರಾಣಿಯನ್ನು ಕಂಡ ಇಂಗ್ಲೆಂಡಿನ ಕರ್ಬಿ 1802ರಲ್ಲಿ ಅದನ್ನು ಜೇನಿನ ಹೇನೆಂದು ಬಗೆದನು. ಫ್ರಾನ್ಸಿನ ಲಿಯಾನ್ ದ್ಯುಫೂರ್ 1828ರಲ್ಲಿ ಅದೊಂದು ಬೇರೆಯೇ ಪ್ರಾಣಿಯೆಂದು ತಿಳಿದು, ಕಾಲ ತುದಿಯ ಮೂರು ಉಗುರುಗಳನ್ನು ಸೂಚಿಸುವ ಹೆಸರೊಂದನ್ನು ಕೊಟ್ಟನು. ಅದು ಬೇರೆಯ ಪ್ರಾಣಿಯಲ್ಲವೆಂದು ತಿಳಿದ ಮೇಲೂ ಟ್ರೈಅಂಗ್ಯುಲಿನ್ ಎಂಬ ಆ ಹೆಸರು ಇಂತಹ ಮೊದಲ ಅವಸ್ಥೆಯ ಮರಿಗಳಿಗೆ ನಿಂತುಬಿಟ್ಟಿತು. 1840ರ ದಶಕದಲ್ಲಿ ನ್ಯೂಪೋರ್ಟನೂ 1857ರಲ್ಲಿ ಫಾಬ್ರನೂ ಮೆಲೋಯಿಡೆಗಳ ಈ ಬಗೆಬಗೆಯ ರೂಪಾಂತರಗಳನ್ನು ಬಿಡಿಸಿ ತೋರಿಸಿದ್ದರು. ಬೆಣೆಜೀರುಂಡೆಗಳ ಕುಟುಂಬದಲ್ಲಿಯೇ, ಸ್ವೀಡನ್ನಿನ ಸುಂಡೆವಾಲ್ ಎಂಬ ಪ್ರಾಣಿಶಾಸ್ತ್ರಜ್ಞನು ಹಡಗಿನಲ್ಲಿದ್ದ ಜಿರಲೆಗಳ ಮೈಯೊಳಗೆ ಬೆಳೆಯುವ ಜಾತಿಯೊಂದನ್ನು ಕಂಡು 1831ರಲ್ಲಿ ಪ್ರಕಟಿಸಿದ್ದನು. ಆದರೆ ಹೋಲಿಕೆಯು ದಾರಿಯನ್ನು ತೋರಬಹುದಲ್ಲದೆ ಸಾಕ್ಷಿಯನ್ನು ಹೇಳಲಾರದು. ಕಣಜದ ಗೂಡಿನ ಜೀರುಂಡೆಯ ಬಗ್ಗೆ ಸಾಕ್ಷಿಯಿನ್ನೂ ಅಲ್ಪವಾಗಿತ್ತು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಹಳ್ಳಿಯೊಂದರಲ್ಲಿದ್ದ ಸ್ಟೋನ್ ಎಂಬವನು ಕಣಜದ ಗೂಡುಗಳನ್ನು ಅಗೆದು ತೆಗೆಯುವುದರಲ್ಲಿ ನಿಪುಣನಾಗಿದ್ದನು. ಜೀರುಂಡೆಯ ಮರಿ ಕಣಜದ ಮರಿಗೆ ಅಂಟಿಕೊಂಡಿದ್ದುದನ್ನು ತಾನು ಕಂಡುದಾಗಿ 1865ರ ಸುಮಾರಿನಲ್ಲಿ ಅವನು ಬರೆದನು. ಆ ವರದಿಯನ್ನು ಎಲ್ಲರೂ ಒಪ್ಪಿದ್ದರೆ ಕಥೆ ಅಲ್ಲಿಗೇ ಮುಗಿಯಬಹುದಾಗಿತ್ತು. ಹಾಗಾಗಲಿಲ್ಲ. 1869 ಮತ್ತು 1870ರಲ್ಲಿ ‘ಆನಲ್ಸ್ ಅಂಡ್ ಮ್ಯಾಗಜೀನ್ ಆಫ್ ನ್ಯಾಚುರಲ್ ಹಿಸ್ಟರಿ’ ಎಂಬ ಪ್ರಸಿದ್ಧ ಪತ್ರಿಕೆಯ ಪುಟಗಳಲ್ಲಿ ಈ ಪ್ರಶ್ನೆಯ ಮೇಲೆ ದೊಡ್ಡದೊಂದು ವಾಗ್ವಾದವೇ ಎದ್ದಿತು.

ವಾದಿಗಳಿಬ್ಬರೂ ಸಾಮಾನ್ಯರಲ್ಲ. ಆಂಡ್ರೂ ಮರ್‍ರೆ ಎಡಿನ್‌ಬರೋ ನಗರದವನು. ಮೊದಲು ನ್ಯಾಯವಾದದ ವೃತ್ತಿಯಲ್ಲಿದ್ದು ಆಮೇಲೆ ನಿಸರ್ಗಶಾಸ್ತ್ರಕ್ಕೆ ತನ್ನನ್ನು ಒಪ್ಪಿಸಿಕೊಂಡವನು. ಸಸ್ತನಿಗಳ ಭೌಗೋಳಿಕ ಹಂಚಿಕೆಯನ್ನು ಕುರಿತ ಅವನ ದೊಡ್ಡ ಗ್ರಂಥ 1866ರಲ್ಲಿ ಹೊರಬಂದಿತ್ತು. ಡಾರ್ವಿನ್ನನ ವಾದವನ್ನು 1860ರಲ್ಲಿಯೇ ವಿಮರ್ಶಿಸಿ, ಒಪ್ಪದೆ ಬರೆದವರಲ್ಲಿ ಅವನೂ ಒಬ್ಬ. ಎದುರು ಪಕ್ಷದಲ್ಲಿದ್ದ ಫ್ರೆಡರಿಕ್ ಸ್ಮಿತ್ ಕೆತ್ತನೆಯ ಕೆಲಸವನ್ನು ಕಲಿತು, ಅನಂತರ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿ, ಜೇನು ಕಣಜ ಇರುವೆಗಳ ವಿಷಯದಲ್ಲಿ ಆ ಕಾಲದ ಪ್ರಮಾಣಪುರುಷನೆನಿಸಿದ್ದವನು. ವ್ಯಾಲೇಸ್ ಪೂರ್ವದ್ವೀಪಗಳಿಂದ ಕಳುಹಿಸಿದ ಕಣಜಗಳನ್ನು ವರ್ಣಿಸಿದವನು ಇವನೇ.

ಮರ್‍ರೆಯ ಅಭಿಪ್ರಾಯವಿದು: ಜೀರುಂಡೆಯು ಕಣಜದ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿಯು ತನ್ನದೇ ಆದ ಕೋಣೆಯಲ್ಲಿ, ಕಣಜದ ಮರಿಗಳ ನೆರೆಯಲ್ಲಿ, ಕೆಲಸಗಾರ ಕಣಜಗಳು ಉಣಿಸಿದ ಆಹಾರವನ್ನೇ ತಿಂದು ಬೆಳೆಯುತ್ತದೆ, ಆದುದರಿಂದ ಅದು ಮರಿಗಳನ್ನು ತಿನ್ನುವ ಪ್ರಾಣಿಯಲ್ಲ, ಸಾಕಿಕೊಂಡ ಕೂಸು. ನಮ್ಮಲ್ಲಿ ಕೋಗಿಲೆಯನ್ನು ಪರಭೃತವೆಂದು ಕರೆಯುವುದು ಇದೇ ಅರ್ಥದಲ್ಲಿ. ಅದಕ್ಕೆ ಪ್ರತಿಯಾಗಿ ಸ್ಮಿತ್, ಜೀರುಂಡೆಯ ಮರಿ ಕಣಜದ ಮರಿಯನ್ನು ತಿಂದೇ ಬೆಳೆಯುತ್ತದೆ, ಅದು ನಿಸ್ಸಂದೇಹವಾಗಿ ಪರೋಪಜೀವಿ ಎಂದು ಸಾಧಿಸಿದನು.

ಇಂದಿನ ತಿಳಿವಳಿಕೆಯ ಬಲದಿಂದ ಮರ್‍ರೆಯನ್ನು ಹಳಿಯುವುದು ಸುಲಭ. ಆದರೆ ಅವನ ಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಿ ನೋಡಿದರೆ ಅದು ಅಸಂಗತವಾಗಿರಲಿಲ್ಲ. ಗೂಡನ್ನು ತೆರೆದವರಿಗೆ ಎದುರಾಗುತ್ತಿದ್ದುದು ಸಾಮಾನ್ಯವಾಗಿ ಎರಡೇ ದೃಶ್ಯ: ಕೋಣೆಯನ್ನು ಪೂರ್ತಿಯಾಗಿ ತುಂಬಿಕೊಂಡಿರುವ ಜೀರುಂಡೆಯ ಕೋಶ, ಅಥವಾ ಆಗಲೇ ರೆಕ್ಕೆ ಮೂಡಿದ ಜೀರುಂಡೆ. ಕೊಲೆಯಾದುದರ ಗುರುತು ಎಂಬಂಥದು ಮೇಲುನೋಟಕ್ಕೆ ಏನೂ ಕಾಣದು. ಕಣಜಗಳು ತಮ್ಮ ಗೂಡಿಗೆ ಕಾಲಿಟ್ಟ ಅನ್ಯಕೀಟವನ್ನು ಕೊಲ್ಲದೆ ಬಿಡುವುದು ಅಪರೂಪ. ಹೀಗಿರುವಲ್ಲಿ ಈ ಜೀರುಂಡೆ ಗೂಡಿನೊಳಗೆ ಬದುಕಿಯೇ ಸಿಕ್ಕುವುದೆಂದರೆ, ಅದನ್ನು ಅವು ತಮ್ಮದೆಂದು ಬಗೆದಿವೆಯೆನ್ನದೆ ಬೇರೇನೆಂದು ಹೇಳುವುದು? ತರ್ಕದಲ್ಲಿ ಲೋಪವಿಲ್ಲ. ಲೋಪವಿದ್ದುದು ತರ್ಕಕ್ಕೆ ಆಧಾರವಾಗಿದ್ದ ವಸ್ತುಗಳಲ್ಲಿ. ವಿಶೇಷವಾಗಿ ಕೋಣೆಯ ಮುಚ್ಚಳವನ್ನು ಈ ಪಕ್ಷದಿಂದ ವಿವರಿಸುವುದು ಕಷ್ಟ. ಜೀರುಂಡೆಯ ಮರಿ ನೂಲು ತೆಗೆಯುವುದಿಲ್ಲ. ಆದರೂ ಅದರ ಕೋಶವಿರುವ ಕೋಣೆಗೆ ರೇಷ್ಮೆಯ ಮುಚ್ಚಳವಿರುತ್ತದೆ. ಆ ಮುಚ್ಚಳವನ್ನು ನೇಯ್ದುದು ಕಣಜದ ಮರಿಯೇ ಆಗಿರಬೇಕು. ಹಾಗಾದರೆ ನೇಯ್ದ ಮರಿ ಏನಾಯಿತು? ಮುಚ್ಚಿದ ಕೋಣೆಯಿಂದ ಅದು ಹೊರಗೆ ಹೋಗಲು ದಾರಿಯಿಲ್ಲ. ಪರಭೃತವಾದದ ಬೆನ್ನುಮೂಳೆ ಮುರಿಯುವುದು, ನನ್ನ ಮಟ್ಟಿಗೆ, ಈ ಒಂದು ಪ್ರಶ್ನೆಯಿಂದಲೇ.

ಆದರೆ ಪ್ರಶ್ನೆಯಿಂದ ಎದುರಾಳಿಯ ಪಕ್ಷ ಮುರಿಯಬಹುದಲ್ಲದೆ ತನ್ನ ಪಕ್ಷ ಸಿದ್ಧವಾಗುವುದಿಲ್ಲ. ಅದನ್ನು ಸಿದ್ಧಮಾಡಿದವನು ಈ ಇಬ್ಬರಲ್ಲಿ ಯಾರೂ ಅಲ್ಲ. ಥಾಮಸ್ ಆಲ್ಜರ್ನನ್ ಚಾಪ್‌ಮನ್ ಎಂಬವನು 1842ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, ವೈದ್ಯಶಾಸ್ತ್ರವನ್ನೋದಿ, ವೇಲ್ಸ್ ಪ್ರಾಂತದ ಆಬರ್ಗವೆನಿಯಲ್ಲಿದ್ದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದನು. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮ್ಯೂಸಿಯಮ್ಮಿನ ಪೀಠವಾಗಲಿ ಪಂಡಿತಸಭೆಯ ಪದವಿಯಾಗಲಿ ಅವನಿಗಿರಲಿಲ್ಲ. ಇದ್ದುದು ಗೂಡುಗಳು, ಸೂಕ್ಷ್ಮದರ್ಶಕ, ಮತ್ತು ವೈದ್ಯನ ಕೈಗೆ ಸಹಜವಾದ ಛೇದನದ ಅಭ್ಯಾಸ. ಮರದ ತೊಗಟೆಯನ್ನು ಕೊರೆಯುವ ಜೀರುಂಡೆಗಳ ಜೀವನಕ್ರಮವನ್ನು ಅವನು ಆಗಲೇ ಶೋಧಿಸಿದ್ದನು.

ಚಾಪ್‌ಮನ್ ಮಾಡಿದ ಕೆಲಸ ಹೇಳಿದರೆ ಸರಳ, ಮಾಡಿದರೆ ದುಸ್ಸಾಧ್ಯ. ಗೂಡುಗಳ ಕೋಣೆಗಳನ್ನು ಒಂದೊಂದಾಗಿ ತೆರೆದು, ಜೀರುಂಡೆಯಿರುವ ಕೋಣೆಗಳನ್ನಷ್ಟೇ ಅಲ್ಲದೆ ಏನೂ ವಿಶೇಷವಿಲ್ಲದಂತೆ ಕಾಣುವ ಕಣಜದ ಮರಿಗಳನ್ನೂ ಪರೀಕ್ಷಿಸುತ್ತ ಹೋದನು. ಹೀಗೆ ಹುಡುಕಿದಾಗ ಬೆಳೆವಣಿಗೆಯ ಹಂತಗಳು ಒಂದರ ಹಿಂದೊಂದು ದೊರೆತವು. ಪೂರ್ತಿಯಾಗಿ ಬೆಳೆದ ಜೀರುಂಡೆಮರಿಯ ಪಕ್ಕದಲ್ಲಿ ಕಣಜಮರಿಯ ಬರಿಯ ಚರ್ಮ. ಅದಕ್ಕಿಂತ ಸಣ್ಣ ಮರಿಯ ಜೊತೆಯಲ್ಲಿ ಅರ್ಧ ತಿಂದ ಕಣಜಮರಿ. ಇನ್ನೂ ಸಣ್ಣದಾದುದು ಕಣಜಮರಿಯ ತಲೆಯ ಕೆಳಗೆ ಕೊರಳಪಟ್ಟಿಯಂತೆ ಸುತ್ತಿಕೊಂಡಿರುವುದು. ಇಲ್ಲಿಯವರೆಗೆ ಸ್ಟೋನ್ ಹೇಳಿದುದಕ್ಕೆ ಬೆಂಬಲ ದೊರೆಯಿತೆನ್ನಬಹುದು. ಆದರೆ ಅದಕ್ಕೂ ಹಿಂದಿನ ಹಂತ? ಚಾಪ್‌ಮನ್ ಅದನ್ನು ಕಂಡುದು ಹೊರಗಲ್ಲ, ಕಣಜಮರಿಯ ಮೈಯೊಳಗೆ. ಹೊರನೋಟಕ್ಕೆ ಆರೋಗ್ಯವಾಗಿದ್ದು, ಕೆಲಸಗಾರ ಕಣಜಗಳಿಂದ ಯಥಾಪ್ರಕಾರ ಉಣ್ಣುತ್ತಿದ್ದ ಮರಿಯ ಒಡಲಿನಲ್ಲಿ ಜೀರುಂಡೆಯ ಮರಿ ಅಡಗಿ ಬೆಳೆಯುತ್ತಿತ್ತು.

ಅದಕ್ಕೂ ಹಿಂದಿನದಾಗಿ, ಮೊಟ್ಟಮೊದಲ ರೂಪವನ್ನೂ ಅವನು ಗುರುತಿಸಿದನು. ಅದು ಸುಮಾರು ಅರ್ಧ ಮಿಲಿಮೀಟರಿನಷ್ಟು ಉದ್ದದ, ಕರಿಯ ಬಣ್ಣದ, ಆರು ಕಾಲುಗಳ ಚುರುಕಾದ ಪ್ರಾಣಿ. ಮೆಲೋಯಿಡೆಗಳ ಟ್ರೈಅಂಗ್ಯುಲಿನ್ನಿನ ಸ್ಪಷ್ಟವಾದ ಸೋದರ. ಇದು ಕಣಜಮರಿಯ ಚರ್ಮವನ್ನು ತೂರಿ ಒಳಹೊಕ್ಕು, ಅಲ್ಲಿಯ ರಸವನ್ನು ಹೀರುತ್ತ ಹಿಗ್ಗುತ್ತದೆ. ಹಿಗ್ಗುವಾಗ ಅದರ ಮೈಮೇಲಿನ ಕರಿಯ ಗಟ್ಟಿ ಫಲಕಗಳು ಬೆಳೆಯುವುದಿಲ್ಲ. ನಡುವಿನ ಮೆತ್ತನೆಯ ಚರ್ಮ ಮಾತ್ರ ಉಬ್ಬಿ, ಫಲಕಗಳು ದೂರ ದೂರ ಸರಿಯುತ್ತವೆ. ಒಳಗೆ ದೊರೆತ ಬಿಳಿಯ ಮರಿಯ ಮೇಲೆ ಚದುರಿಹೋದ ಆ ಕರಿಯ ತುಣುಕುಗಳೇ, ಅದು ಹಿಂದೆ ಆ ಪುಟ್ಟ ಕರಿಯ ಪ್ರಾಣಿಯಾಗಿತ್ತೆಂಬುದಕ್ಕೆ ಸಾಕ್ಷಿ. ಎರಡು ಅವಸ್ಥೆಗಳನ್ನು ಒಂದೇ ಮೈಯಲ್ಲಿ ತೋರಿಸುವ ಇಂತಹ ಪುರಾವೆಯ ಮುಂದೆ ಊಹೆಗೆ ಕೆಲಸವಿಲ್ಲ.

ಕಣಜಮರಿ ಬಲಿತು, ಮುಚ್ಚಳವನ್ನು ನೇಯ್ದು, ತನ್ನ ಕೋಣೆಯನ್ನು ಭದ್ರಪಡಿಸಿಕೊಂಡ ಮೇಲೆ ಜೀರುಂಡೆಯ ಮರಿ ಆತಿಥೇಯನ ಮೈಯಿಂದ ಹೊರಬೀಳುತ್ತದೆ. ಹೊರಬೀಳುವಾಗಲೇ ಪೊರೆಯನ್ನು ಕಳಚುತ್ತದೆ. ಆಮೇಲೆ ಅದರ ಬಾಳು ಬಹಿರಂಗ: ಕೊರಳಿಗೆ ಸುತ್ತಿಕೊಂಡು ಹೊರಗಿನಿಂದ ತಿನ್ನಲಾರಂಭಿಸಿ, ಕಣಜಮರಿಯನ್ನು ಚರ್ಮವೊಂದನ್ನುಳಿದು ಮುಗಿಸುತ್ತದೆ. ಈ ಹೊತ್ತಿನ ಔಚಿತ್ಯವನ್ನು ಗಮನಿಸಬೇಕು. ಕೋಣೆಯ ಬಾಯಿ ಕೆಳಮೊಗವಾಗಿರುವುದರಿಂದ, ಮುಚ್ಚಳ ಬೀಳುವುದಕ್ಕೆ ಮೊದಲು ಹೊರಬಂದರೆ ಮರಿ ಕೆಳಕ್ಕೆ ಉದುರಿಹೋಗುತ್ತದೆ, ಇಲ್ಲವೆ ಉಣಿಸಲು ಬಂದ ಕಣಜದ ಕಣ್ಣಿಗೆ ಬೀಳುತ್ತದೆ. ತಡಮಾಡಿದರೆ ಕಣಜಮರಿ ಕೋಶವಾಗಿ ಬದಲಾಗಿ ಅದರ ಮೈ ಗಟ್ಟಿಯಾಗುತ್ತದೆ. ಹೀಗೆ ಮುಚ್ಚಳವನ್ನು ನೇಯುವವರೆಗೂ ತನ್ನ ಆಹಾರವನ್ನು ಜೀವದಿಂದಿರಿಸಿ, ನೇಯ್ದ ಮೇಲೆ ಮುಗಿಸುವ ಈ ಕ್ರಮದಿಂದಲೇ ಮರ್‍ರೆಗೂ ಸ್ಮಿತ್ತಿಗೂ ಕಂಡ ವಿರೋಧಾಭಾಸಗಳು ಪರಿಹಾರವಾಗುತ್ತವೆ. ಕಣಜಗಳು ಉಣಿಸಿದುದೂ ನಿಜ. ಆದರೆ ಉಣಿಸಿದುದು ತಮ್ಮ ಮರಿಗೇ. ಕೋಣೆಯಲ್ಲಿ ಕೊನೆಗೆ ಒಂದೇ ಪ್ರಾಣಿ ಇದ್ದುದೂ ನಿಜ. ಆದರೆ ಮೊದಲಿನಿಂದಲೂ ಇದ್ದುದು ಎರಡು.

ಈ ವಿವಾದದ ಲೇಖನಗಳ ತಲೆಬರಹಗಳೇ ಒಂದು ಸ್ವಾರಸ್ಯವಾದ ಅಧ್ಯಯನ. 1870ರ ಮೊದಲ ಸಂಪುಟದಲ್ಲಿ ಚಾಪ್‌ಮನ್ನನ ಪ್ರಥಮ ಲೇಖನದ ಬೆನ್ನಿಗೇ ಸ್ಮಿತ್ ತನ್ನ ‘ಮುಕ್ತಾಯದ ಅವಲೋಕನ’ಗಳನ್ನು ಪ್ರಕಟಿಸಿದನು. ಅದೇ ವರ್ಷದ ಎರಡನೆಯ ಸಂಪುಟದಲ್ಲಿ ಮರ್‍ರೆ ಕಣಜ ಮತ್ತು ಜೀರುಂಡೆಯ ಚರಿತ್ರೆಯ ‘ಮುಕ್ತಾಯ’ವನ್ನು ಬರೆದನು. ಇಬ್ಬರು ಪ್ರಸಿದ್ಧರು ಎರಡು ವಿರುದ್ಧ ದಿಕ್ಕುಗಳಿಂದ ಒಂದೇ ಬಾಗಿಲಿಗೆ ಅಗುಳಿ ಹಾಕಿದ ಮೇಲೆ, ಮರ್‍ರೆಯ ಲೇಖನ ಬಂದ ಸಂಪುಟದಲ್ಲಿಯೇ ಚಾಪ್‌ಮನ್ನನ ಎರಡನೆಯ ಲೇಖನ ಅಚ್ಚಾಯಿತು. ಅದಕ್ಕೆ ಅವನಿಟ್ಟ ಹೆಸರು, ಜೀವನಚರಿತ್ರೆಯ ಕಡೆಗೆ ಒಯ್ಯುವ ‘ಕೆಲವು ಸಂಗತಿಗಳು’ ಎಂದಿಷ್ಟೇ. ಎಲ್ಲರಿಗಿಂತ ಹೆಚ್ಚು ತಿಳಿದಿದ್ದವನು ತನಗೆ ತಿಳಿಯದುದು ಎಲ್ಲಿ ಆರಂಭವಾಗುತ್ತದೆಂಬುದನ್ನೂ ಬಲ್ಲವನಾಗಿದ್ದನು.

ಏಕೆಂದರೆ ದೊಡ್ಡದೊಂದು ತೆರವು ಇನ್ನೂ ಉಳಿದಿತ್ತು. ಆ ಅರ್ಧ ಮಿಲಿಮೀಟರಿನ ಕರಿಯ ಪ್ರಾಣಿ ಗೂಡಿಗೆ ಬಂದುದು ಎಲ್ಲಿಂದ? ಜೀರುಂಡೆ ಗೂಡಿನಲ್ಲಿ ಮೊಟ್ಟೆಯಿಡುತ್ತದೆಂಬ ಊಹೆಗೆ ಗೂಡಿನ ಪಂಚಾಂಗವೇ ಅಡ್ಡಿಯಾಗಿತ್ತು. ಜೀರುಂಡೆಗಳು ಬಲಿಯುವ ಹೊತ್ತಿಗೆ ಬೇಸಗೆ ಕಳೆಯುತ್ತ ಬಂದಿರುತ್ತದೆ. ಗೂಡಿಗೆ ಹೆಚ್ಚು ದಿನ ಉಳಿದಿರುವುದಿಲ್ಲ. ಮರುವರ್ಷದ ಗೂಡು ಬೇರೆಡೆಯಲ್ಲಿ, ಬೇರೊಂದು ರಾಣಿಯಿಂದ ಆಗತಕ್ಕದ್ದು. ಒಂದು ವರ್ಷದ ಜೀರುಂಡೆಗೂ ಮುಂದಿನ ವರ್ಷದ ಗೂಡಿಗೂ ಸೇತುವೆ ಯಾವುದು? ಈ ಪ್ರಶ್ನೆ ಇಪ್ಪತ್ತು ವರ್ಷ ಹಾಗೆಯೇ ನಿಂತಿತು. ಮರ್‍ರೆ 1878ರಲ್ಲಿಯೂ ಸ್ಮಿತ್ 1879ರಲ್ಲಿಯೂ ತೀರಿಕೊಂಡರು. ಚಾಪ್‌ಮನ್ ಈ ನಡುವೆ ಹೆರಿಫರ್ಡ್ ಪ್ರಾಂತದ ಆಸ್ಪತ್ರೆಗೆ ಮೇಲ್ವಿಚಾರಕನಾಗಿ ಹೋಗಿದ್ದನು. ರೋಗಿಗಳ ಆರೈಕೆಯ ನಡುವೆಯೂ ಈ ಪ್ರಶ್ನೆಯನ್ನು ಅವನು ಮರೆತಿರಲಿಲ್ಲವೆಂಬುದಕ್ಕೆ 1891ರಲ್ಲಿ ಅವನು ಪ್ರಕಟಿಸಿದ ಎರಡು ಪುಟಗಳ ಚಿಕ್ಕ ಲೇಖನವೇ ಪ್ರಮಾಣ. ಹೆಣ್ಣು ಜೀರುಂಡೆ ಮೊಟ್ಟೆಯಿಡುವುದು ಗೂಡಿನಲ್ಲಲ್ಲ. ಹಳೆಯ ಒಣಮರದ ಬಿರುಕುಗಳಲ್ಲಿ.

ರೇಯೋಮೂರ್ 1719ರಲ್ಲಿ ಹೇಳಿದ ಮಾತು ಈಗ ತನ್ನ ಜೊತೆಯನ್ನು ಕಂಡುಕೊಂಡಿತು. ಕಣಜವು ಕಾಗದಕ್ಕಾಗಿ ಕೆರೆಯಲು ಬರುವುದು ಇಂತಹ ಹಳೆಯ ಮರಕ್ಕೇ. ಮೊಟ್ಟೆಗಳು ಬಿರುಕಿನಲ್ಲಿ ಚಳಿಗಾಲವನ್ನು ಕಳೆಯುತ್ತವೆ. ಮುಂದಿನ ಬೇಸಗೆಯಲ್ಲಿ ಹೊರಬಂದ ಕರಿಯ ಮರಿಗಳು ಮರದ ಮೇಲೆ ಕಾದಿರುತ್ತವೆ. ನಾರಿಗಾಗಿ ಬಂದಿಳಿದ ಕಣಜದ ಮೈಗೆ ಅಂಟಿಕೊಂಡು ಗೂಡನ್ನು ಸೇರುತ್ತವೆ. ಕಣಜವು ತನ್ನ ಮನೆಯ ಗೋಡೆಗೆ ಬೇಕಾದ ಸಾಮಗ್ರಿಯೊಡನೆ ಮನೆಹಾಳುವನ್ನೂ ತಾನೇ ಹೊತ್ತು ತರುತ್ತದೆ. ಹೂವಿನ ಮೇಲೆ ಕಾದಿರುವ ಮೆಲೋಯಿಡೆಯ ಮರಿಗೂ ಮರದ ಮೇಲೆ ಕಾದಿರುವ ಈ ಮರಿಗೂ ಉಪಾಯ ಒಂದೇ. ಆತಿಥೇಯನು ಯಾವ ವಸ್ತುವಿಗಾಗಿ ಮನೆಬಿಟ್ಟು ಬರುತ್ತಾನೆಯೋ ಆ ವಸ್ತುವಿನ ಬಳಿ ಕಾಯುವುದು. ಹೀಗೆ ಕಾಯುವ ಮರಿಗಳಲ್ಲಿ ಎಷ್ಟೋ ಸವಾರಿ ಸಿಕ್ಕದೆ ಸಾಯಬೇಕಾದುದು ಅನಿವಾರ್ಯ.

ಚಾಪ್‌ಮನ್ನನ ವಿಷಯವಾಗಿ ಇನ್ನೊಂದು ಮಾತನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ನೀಲಿ ಚಿಟ್ಟೆಯೆಂದು ಹೆಸರಾದ ಜಾತಿಯೊಂದರ ಕಂಬಳಿಹುಳು ಕಾಡುತುಳಸಿಯ ಬಗೆಯ ಗಿಡವೊಂದರ ಹೂವನ್ನು ಕೆಲವು ದಿನ ತಿಂದು, ಆಮೇಲೆ ಎಲ್ಲಿ ಹೋಗುತ್ತದೆಂಬುದು ಬಹುಕಾಲದ ಒಗಟಾಗಿತ್ತು. 1915ರಲ್ಲಿ, ಎಪ್ಪತ್ತು ದಾಟಿದ ಚಾಪ್‌ಮನ್ ಅಂತಹ ಹುಳುವೊಂದನ್ನು ಇರುವೆಯ ಗೂಡಿನಲ್ಲಿ ಪಡೆದು, ಅದರ ಹೊಟ್ಟೆಯನ್ನು ಪರೀಕ್ಷಿಸಿ, ಅದು ಇರುವೆಯ ಮರಿಗಳನ್ನು ತಿನ್ನುತ್ತದೆಂಬುದನ್ನು ತೋರಿಸಿದನು. ಅಲ್ಲಿಯೂ ಅತಿಥಿಯೆಂದು ಬಗೆಯಬಹುದಾಗಿದ್ದ ಪ್ರಾಣಿ. ಅಲ್ಲಿಯೂ ಸಾಕ್ಷಿ ದೊರೆತುದು ಹೊಟ್ಟೆಯೊಳಗೆ. ನಲವತ್ತೈದು ವರ್ಷಗಳ ಅಂತರದಲ್ಲಿ ಒಬ್ಬನೇ ಒಂದೇ ವಿಧಾನದಿಂದ ಎರಡು ಒಗಟುಗಳನ್ನು ಬಿಡಿಸಿದ ಉದಾಹರಣೆಗಳು ವಿರಳ. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. 1921ರಲ್ಲಿ ಅವನು ತೀರಿಕೊಂಡನು.

ಇನ್ನು ಮರ್‍ರೆಯ ಪಕ್ಷದಲ್ಲಿ ಬಗೆಹರಿಯದೆ ಉಳಿದಿದ್ದ ಒಂದಂಶ: ಬಲಿತ ಜೀರುಂಡೆ ಮುಚ್ಚಳವನ್ನು ಹರಿದು, ಸಾವಿರಾರು ಕಣಜಗಳ ನಡುವೆ ಹೊರಬರುವಾಗ ಅದನ್ನು ಅವು ಏಕೆ ಕೊಲ್ಲುವುದಿಲ್ಲ? ಇದಕ್ಕೆ ಚಾಪ್‌ಮನ್ನನ ಸೂಕ್ಷ್ಮದರ್ಶಕ ಉತ್ತರ ಹೇಳಲಾರದಾಗಿತ್ತು. ಉತ್ತರದ ಬಹುಭಾಗ ದೊರೆತುದು ರಸಾಯನಶಾಸ್ತ್ರದಿಂದ. ಕಣಜಗಳು ತಮ್ಮವರನ್ನು ಗುರುತಿಸುವುದು ಮೈಮೇಲಿರುವ ಹೈಡ್ರೊಕಾರ್ಬನ್ ಜಾತಿಯ ಮೇಣದಂಥ ವಸ್ತುಗಳ ವಾಸನೆಯಿಂದ. ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾನಿಲಯದ ಸಂಶೋಧಕರು ಜೊತೆಗಾರರೊಡನೆ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಜೀರುಂಡೆಯ ಮೈಮೇಲಿನ ವಸ್ತುಗಳು ಅದರ ಮುಖ್ಯ ಆತಿಥೇಯನಾದ ಸಾಮಾನ್ಯ ಕಣಜದವುಗಳಿಗೆ ಹೆಚ್ಚು ಹತ್ತಿರವಾಗಿವೆ. ಅದರ ಬಂಧುವಾದ ಜರ್ಮನ್ ಕಣಜದವುಗಳಿಗೆ ಅಷ್ಟು ಹತ್ತಿರವಲ್ಲ. ಜೀರುಂಡೆಗಳನ್ನು ಎರಡೂ ಬಗೆಯ ಕಣಜಗಳ ಮುಂದೆ ಬಿಟ್ಟಾಗ ಸಾಮಾನ್ಯ ಕಣಜಗಳು ಕಡಮೆಯಾಗಿಯೂ ಜರ್ಮನ್ ಕಣಜಗಳು ಹೆಚ್ಚಾಗಿಯೂ ಮೇಲೆಬಿದ್ದುವು. ಈ ವಾಸನೆಯನ್ನು ಜೀರುಂಡೆ ಬಲಿತ ಕಣಜಗಳ ಮೈ ಸೋಕಿ ಪಡೆದುದಲ್ಲ. ತಾನು ತಿಂದ ಮರಿಯ ಮೈಯಲ್ಲಿದ್ದ ವಸ್ತುಗಳನ್ನೇ, ಭಾಗಶಃವಾದರೂ, ತನ್ನ ಮೈಗೆ ಬಳಸಿಕೊಂಡುದು. ಪರದೇಶಿಗೆ ಊರಿನ ರಹದಾರಿ ದೊರೆತುದು ಹೀಗೆ.

ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ ವಿಚಿತ್ರವಾದುದು. ನೋನಕೋಸೇನ್ ಎಂಬ ವಸ್ತು ಈ ಕಣಜದ ರಾಣಿಯ ಗುರುತಿನ ವಾಸನೆಗಳಲ್ಲಿ ಒಂದು. ಜೀರುಂಡೆಯ ಮೈಮೇಲೆ ಅದು ಅಳತೆಗೆ ಮೀರಿ ಇರುತ್ತದೆ. ಆದುದರಿಂದ ಹೊರಬರುವ ಜೀರುಂಡೆ ಸಾಮಾನ್ಯ ಕಣಜದಂತೆ ಮಾತ್ರವೇ ಅಲ್ಲದೆ ರಾಣಿಯಂತೆಯೂ ಸೋಗು ಹಾಕುತ್ತಿರಬಹುದೆಂದು ಆ ಸಂಶೋಧಕರು ಸೂಚಿಸಿದ್ದಾರೆ. ಅವರು ಬಳಸಿರುವ ಪದ ‘ಇರಬಹುದು’ ಎಂಬುದೇ.